ಗಾಯ ಮಾಯ್ದ ಮೇಲೂ ಉಳಿಯುವ ನೋವು

ವರ್ಷಕ್ಕೊಮ್ಮೆ ಖಾರದಪುಡಿ ಮಾಡಿಸುವ ದಿನ ನಮ್ಮ ಮನೆಯಲ್ಲಿ ಹೆಂಗಸರು ಯಾರೂ ಬಿಸಿನೀರು ಮುಟ್ಟುತ್ತಿರಲಿಲ್ಲ. ಅಮ್ಮ, ದೊಡ್ಡಮ್ಮ ಇಬ್ಬರೂ ಬೆಳಗ್ಗೆಯಿಂದ ಜಗಲಿಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಸಂಜೆ ಹೊತ್ತಿಗೆ ಕೈ ಉರಿ ಶುರುವಾಗುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿದರೆ, ಮಜ್ಜಿಗೆಯಲ್ಲಿ ಅದ್ದಿದರೆ ಸ್ವಲ್ಪ ತಣಿಯುತ್ತಿತ್ತು. ಮರೆತು ಹಂಡೆಯ ನೀರಿಗೆ ಕೈ ಹಾಕಿದರೆ ಮಾತ್ರ ಕೂಗಿಕೊಳ್ಳುವ ಹಾಗಾಗುತ್ತಿತ್ತು. ಅದೇನು ಕುದಿಯುವ ನೀರಲ್ಲ, ಮಗುವಿಗೆ ಎರೆಯುವಷ್ಟು ಉಗುರುಬೆಚ್ಚಗಿನದು. ಅದೇ ಹಂಡೆಗೆ ನಾನೂ ಕೈಯಿಟ್ಟು ನೋಡಿದ್ದೇನೆ, ಹಿತವಾಗಿತ್ತು. ಅಮ್ಮನ ಅಂಗೈ ಕೆಂಪಗಾಗಿದ್ದು ಬಿಟ್ಟರೆ ಎಲ್ಲೂ ಸುಟ್ಟಿರಲಿಲ್ಲ. ಮಾರನೇ ದಿನ ಒಂದು ಬೊಬ್ಬೆಯೂ ಏಳಲಿಲ್ಲ.

ಸುಡದ ನೀರು ಸುಟ್ಟಂತೆ ಯಾಕೆ ಅನಿಸಿತು? ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಕಾಡುವ ಸೊಂಟನೋವು, ಕುತ್ತಿಗೆನೋವು, ಮೈಕೈ ನೋವನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಪ್ರಶ್ನೆ ಸಾಕು ಎಂದು ನನಗೆ ಈಗ ಅನಿಸುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು ಕೂಡ ಮೆಣಸಿನಕಾಯಿಯಿಂದಲೇ. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ನಮ್ಮ ನರದ ತುದಿಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನು ಪತ್ತೆ ಮಾಡಿದರು. ಅದೊಂದು ಪುಟ್ಟ ಪ್ರೊಟೀನ್ ಬಾಗಿಲು, ಟಿಆರ್‌ಪಿವಿ1 ಎಂದು ಹೆಸರು. ಸಾಮಾನ್ಯ ದಿನಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಈ ಬಾಗಿಲು ತೆರೆದು, 'ಸುಡುತ್ತಿದೆ' ಎಂಬ ಸಂಕೇತ ನರದಲ್ಲಿ ಹೊರಡುತ್ತದೆ. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುತ್ತದೆ. ಅಷ್ಟೇ ಆಗಿದ್ದರೆ ಉರಿಯಷ್ಟೇ ಇರುತ್ತಿತ್ತು. ಅದು ಬಾಗಿಲು ತೆರೆಯಲು ಬೇಕಾದ ಬಿಸಿಯ ಮಟ್ಟವನ್ನೂ ಕೆಳಗಿಳಿಸಿಬಿಡುತ್ತದೆ. ಹಾಗಾಗಿ ಮೈಬಿಸಿಯ ಆಸುಪಾಸಿನ ನೀರು ಕೂಡ ಸುಡುವ ನೀರಿನ ಪಟ್ಟಿಗೆ ಸೇರುತ್ತದೆ. ಈ ಕೆಲಸಕ್ಕೆ ಜೂಲಿಯಸ್ ಅವರಿಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು.

ಗಾಯವಾದಾಗಲೂ ನಡೆಯುವುದು ಇಂಥದ್ದೇ. ಕಾಲು ಉಳುಕಿದ ಜಾಗದಲ್ಲಿ ಊತ ಬರುತ್ತದೆ, ಅಲ್ಲಿನ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್, ಬ್ರಾಡಿಕೈನಿನ್ ಮುಂತಾದ ರಾಸಾಯನಿಕಗಳನ್ನು ಸುರಿಸುತ್ತವೆ, ಸುತ್ತಲಿನ ನರದ ತುದಿಗಳು ಚುರುಕಾಗುತ್ತವೆ. ಮುಟ್ಟಿದರೆ ನೋವು, ಊರಿದರೆ ನೋವು. ಇದು ದೇಹ ನಮಗೆ ಮಾಡುವ ಉಪಕಾರ. ಕಾಲು ಊರದೆ ಇದ್ದರೆ ತಾನೇ ಮಾಯುವುದು? ನೋವಿನ ಅರಿವೇ ಇಲ್ಲದೆ ಹುಟ್ಟಿದವರ ಪಾಡು ನೋಡಿದರೆ ಈ ಉಪಕಾರದ ಬೆಲೆ ಗೊತ್ತಾಗುತ್ತದೆ. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಒಂದೇ ಒಂದು ಜೀನ್ ಕೆಟ್ಟು ಮಕ್ಕಳಿಗೆ ನೋವೇ ಗೊತ್ತಾಗದ ಸ್ಥಿತಿಯನ್ನು 2006ರಲ್ಲಿ ಸಂಶೋಧಕರು ವರದಿ ಮಾಡಿದರು. ಅವರ ಗಮನ ಸೆಳೆದಿದ್ದು ಬೀದಿಯಲ್ಲಿ ತೋಳಿಗೆ ಚೂರಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಪ್ರದರ್ಶನ ಕೊಡುತ್ತಿದ್ದ ಒಬ್ಬ ಹುಡುಗ. ಹದಿನಾಲ್ಕು ತುಂಬುವ ಮೊದಲೇ ಅವನು ಮಾಳಿಗೆಯಿಂದ ಜಿಗಿದು ತೀರಿಕೊಂಡ.

ಡೈಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಕೆಲಸ ಮಾಡುವುದು ಈ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು ತಡೆದು. ಅದಕ್ಕೇ ಹೊಸ ಉಳುಕಿಗೆ, ಹಲ್ಲು ಕೀಳಿಸಿದ ನೋವಿಗೆ ಅವು ಚೆನ್ನಾಗಿ ಹಿಡಿಯುತ್ತವೆ. ಐದು ವರ್ಷದ ಸೊಂಟನೋವಿಗೆ ಅದೇ ಮಾತ್ರೆ ಅಷ್ಟಾಗಿ ತಾಗದಿದ್ದರೆ ಮಾತ್ರೆ ನಕಲಿ ಎಂದೇನೂ ಅಲ್ಲ. ಅಷ್ಟು ಹೊತ್ತಿಗೆ ನೋವಿನ ಬೇರು ಬೇರೆ ಕಡೆ ಇಳಿದಿರುತ್ತದೆ.

ಎಲ್ಲಿಗೆ? ಮೊದಲು ಬೆನ್ನುಹುರಿಗೆ.

ಕಾಲ್ಬೆರಳು ಹೊಸ್ತಿಲಿಗೆ ಎಡವಿದ ಕ್ಷಣ ನೆನಪಿಸಿಕೊಳ್ಳಿ. ಮೊದಲು ಚುರ್ರೆಂದು ಒಂದು ನೋವು, ಒಂದೆರಡು ಕ್ಷಣ ಬಿಟ್ಟು ನಿಧಾನಕ್ಕೆ ಉರಿಯುತ್ತ, ಮಿಡಿಯುತ್ತ ಹರಡುವ ಇನ್ನೊಂದು ನೋವು. ಎರಡು ಬಗೆಯ ನರಗಳು ಎರಡು ವೇಗದಲ್ಲಿ ಸುದ್ದಿ ಒಯ್ಯುವುದರಿಂದ ಹೀಗಾಗುತ್ತದೆ. ತೆಳುವಾದ ಕವಚವಿರುವ ಎ-ಡೆಲ್ಟಾ ನರಗಳಲ್ಲಿ ಸಂಕೇತ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ, ಕವಚವಿಲ್ಲದ ಸಿ ನರಗಳಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ಮಾತ್ರ. ಎರಡೂ ಬಂದು ಮುಟ್ಟುವುದು ಬೆನ್ನುಹುರಿಯ ಹಿಂಬದಿಯ ಒಂದು ಭಾಗಕ್ಕೆ. ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್ ಬರೆದಿಟ್ಟು, ಅವನ ಸಾವಿನ ನಂತರ 1664ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟವಾದ ವಿವರಣೆಯಲ್ಲಿ ನೋವೆಂದರೆ ಹಗ್ಗ ಎಳೆದು ಗಂಟೆ ಬಾರಿಸಿದ ಹಾಗೆ: ಪಾದಕ್ಕೆ ಬೆಂಕಿ ತಾಗಿದರೆ ಹಗ್ಗ ಜಗ್ಗುತ್ತದೆ, ತಲೆಯಲ್ಲಿ ಗಂಟೆ ಬಾರಿಸುತ್ತದೆ. ಎಷ್ಟು ಜಗ್ಗಿದರೆ ಅಷ್ಟು ಸದ್ದು. ನಮ್ಮಲ್ಲಿ ಬಹಳಷ್ಟು ಜನ, ಕೆಲವು ವೈದ್ಯರೂ ಸೇರಿ, ಇಂದಿಗೂ ನೋವನ್ನು ನೋಡುವುದು ಹೀಗೆಯೇ. ನೋವು ಜಾಸ್ತಿ ಇದ್ದರೆ ಒಳಗೆ ಹಾಳಾಗಿರುವುದೂ ಜಾಸ್ತಿ ಇರಬೇಕು, ಹಾಳಾಗಿದ್ದು ಕಾಣದಿದ್ದರೆ ನೋವೂ ಸುಳ್ಳಿರಬೇಕು.

ಬೆನ್ನುಹುರಿ ಬರೀ ಹಗ್ಗವಲ್ಲ ಎಂದು 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಸಂಶೋಧಕರು ವಾದಿಸಿದರು. ಅಲ್ಲೊಂದು ಗೇಟ್ ಇದೆ, ಕೆಳಗಿನಿಂದ ಬರುವ ಸ್ಪರ್ಶವೂ ಮೇಲಿನಿಂದ ಬರುವ ಮಿದುಳಿನ ಆಜ್ಞೆಯೂ ಅದನ್ನು ಮುಚ್ಚಬಲ್ಲವು, ತೆರೆಯಬಲ್ಲವು ಎಂಬುದು ಅವರ ಸಿದ್ಧಾಂತ. ಬಿದ್ದ ಮಗುವಿನ ಮಂಡಿಯನ್ನು ಅಜ್ಜಿ 'ಉಫ್ ಉಫ್' ಎಂದು ಊದಿ, ಅಂಗೈಯಿಂದ ನೀವಿದರೆ ಅಳು ನಿಲ್ಲುವುದರ ಹಿಂದೆ ಈ ಗೇಟೂ ಇದೆ. ಸಿದ್ಧಾಂತದ ವಿವರಗಳು ಆಮೇಲೆ ಸಾಕಷ್ಟು ತಿದ್ದುಪಡಿಯಾದವು, ಮೂಲ ಮಾತು ನಿಂತಿತು.

ವಾಲ್ ಅವರ ಪ್ರಯೋಗಾಲಯದಲ್ಲೇ ಇದ್ದ ಕ್ಲಿಫರ್ಡ್ ವುಲ್ಫ್ 1983ರಲ್ಲಿ ಇನ್ನೂ ದೊಡ್ಡ ವಿಷಯ ಕಂಡುಕೊಂಡರು. ಇಲಿಯ ಪಾದಕ್ಕೆ ಗಾಯವಾದ ಮೇಲೆ ಅದರ ಬೆನ್ನುಹುರಿಯ ಪ್ರತಿಕ್ರಿಯೆ ಬಹಳ ಹೆಚ್ಚಾಯಿತು. ಗಾಯದ ಜಾಗಕ್ಕೆ ಮರವಳಿಕೆಯ ಔಷಧ ಕೊಟ್ಟು ಅಲ್ಲಿಂದ ಬರುವ ಸುದ್ದಿಯನ್ನು ಪೂರಾ ನಿಲ್ಲಿಸಿದರೂ ಆ ಹೆಚ್ಚಳ ಇಳಿಯಲಿಲ್ಲ. ಅಂದರೆ ಬೆನ್ನುಹುರಿ ತಾನೇ ಬದಲಾಗಿತ್ತು. ಇದನ್ನು ಸೆಂಟ್ರಲ್ ಸೆನ್ಸಿಟೈಸೇಶನ್, ಅಂದರೆ ನರಮಂಡಲದ ಕೇಂದ್ರವೇ ಅತಿ ಚುರುಕಾಗುವುದು, ಎನ್ನುತ್ತಾರೆ.

ಮನುಷ್ಯರಲ್ಲಿ ಇದನ್ನು ತೋರಿಸಲು ಮತ್ತೆ ಮೆಣಸಿನಕಾಯಿಯೇ ಬೇಕಾಯಿತು. ಮುಂದೋಳಿನ ಚರ್ಮಕ್ಕೆ ಒಂದಿಷ್ಟು ಕ್ಯಾಪ್ಸೈಸಿನ್ ಚುಚ್ಚಿದರೆ ಚುಚ್ಚಿದ ಬಿಂದು ಉರಿಯುತ್ತದೆ, ಅದು ಸಹಜ. ಆ ಉರಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆದರೆ ಸುತ್ತ ನಾಲ್ಕಾರು ಬೆರಳಗಲದಷ್ಟು ಜಾಗದಲ್ಲಿ, ಕ್ಯಾಪ್ಸೈಸಿನ್ ತಲುಪದ ಆರೋಗ್ಯವಂತ ಚರ್ಮದಲ್ಲಿ, ಹತ್ತಿಯ ಎಳೆ ಸವರಿದರೂ ನೋವಾಗುತ್ತದೆ. ಹತ್ತಿಯ ಸ್ಪರ್ಶವನ್ನು ಒಯ್ಯುವುದು ನೋವಿನ ನರಗಳಲ್ಲ, ಬರೀ ಮುಟ್ಟಿದ್ದನ್ನು ತಿಳಿಸುವ ನರಗಳು. ಅವು ಎಂದಿನಂತೆ 'ಏನೋ ತಾಗಿತು' ಎಂದೇ ಹೇಳುತ್ತಿವೆ, ಕೇಳಿಸಿಕೊಳ್ಳುವ ಬೆನ್ನುಹುರಿ ಅದನ್ನು 'ನೋಯುತ್ತಿದೆ' ಎಂದು ಓದುತ್ತಿದೆ. ಮೈಕ್‌ಸೆಟ್ಟಿನ ವಾಲ್ಯೂಮ್ ಪೂರ್ತಿ ಏರಿಸಿದಾಗ ಮಾತಾಡುವವರ ಉಸಿರೂ ಬುಸುಗುಟ್ಟಿದಂತೆ ಕೇಳುತ್ತದಲ್ಲ, ಹಾಗೆ.

ಒಳಗೆ ಏನಾಗುತ್ತದೆ ಎಂಬುದೂ ಬಹುಮಟ್ಟಿಗೆ ಗೊತ್ತಿದೆ. ನೋವಿನ ನರಗಳು ಬೆನ್ನುಹುರಿಯಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದನ್ನು ಹಿಡಿಯುವ ಗ್ರಾಹಕಗಳಲ್ಲಿ ಎನ್‌ಎಂಡಿಎ ಎಂಬುದೊಂದು. ಎಂದಿನ ಸಂಕೇತಗಳಿಗೆ ಅದು ಓಗೊಡುವುದಿಲ್ಲ, ಮೆಗ್ನೀಷಿಯಂ ಅದಕ್ಕೆ ಬಿರಡೆಯಂತೆ ಕೂತಿರುತ್ತದೆ. ಸಂಕೇತಗಳು ಒಂದರ ಹಿಂದೊಂದು ಬಿಡುವಿಲ್ಲದೆ ಬಂದರೆ ಬಿರಡೆ ಹಾರಿ, ಕ್ಯಾಲ್ಸಿಯಂ ಒಳನುಗ್ಗಿ, ಆ ನರಕೋಶ ಮುಂದಿನ ಸಲ ಸಣ್ಣ ಸುದ್ದಿಗೂ ದೊಡ್ಡದಾಗಿ ಎಚ್ಚೆತ್ತುಕೊಳ್ಳುವಂತೆ ಬದಲಾಗುತ್ತದೆ. ಸದ್ದಡಗಿಸುವ ಕೆಲಸದ ನರಕೋಶಗಳು ಸೊರಗುತ್ತವೆ. ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಕೆರಳಿ ಉರಿಗೆ ಇನ್ನಷ್ಟು ಸೌದೆ ಹಾಕುತ್ತವೆ. ನನ್ನನ್ನು ಇದರಲ್ಲಿ ಬಹಳ ತಟ್ಟಿದ್ದು ಒಂದು ಸಂಗತಿ. ಎನ್‌ಎಂಡಿಎ ಗ್ರಾಹಕದ ಈ ಆಟವೇ ಮಿದುಳಿನಲ್ಲಿ ನೆನಪು ಗಟ್ಟಿಯಾಗುವುದಕ್ಕೂ ಆಧಾರ. ಮಗು ಮಗ್ಗಿ ಬಾಯಿಪಾಠ ಮಾಡುವುದೂ ಬೆನ್ನುಹುರಿ ನೋವನ್ನು ಬಾಯಿಪಾಠ ಮಾಡುವುದೂ ಹತ್ತಿರದ ನೆಂಟಸ್ತಿಕೆಯ ಕೆಲಸಗಳು. ಕಲಿತದ್ದನ್ನು ಮರೆಯುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ. ಹಾಗೆಯೇ, ಹೊಸದಾಗಿ ಕಲಿಸಲೂ ಬರುತ್ತದೆ.

ಎಷ್ಟು ದಿನದ ನೋವನ್ನು ದೀರ್ಘಕಾಲದ್ದು ಎನ್ನಬೇಕು? ಮೂರು ತಿಂಗಳು ದಾಟಿದರೆ ಎಂಬುದು ಒಪ್ಪಿತ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ದೀರ್ಘಕಾಲದ ನೋವಿಗೆ ಅದರದ್ದೇ ಆದ ಸಂಕೇತ ಸಂಖ್ಯೆ ಸಿಕ್ಕಿತು. ಬೇರಾವುದೋ ರೋಗದ ಬಾಲವಾಗಿ ಅಲ್ಲ, ತಾನೇ ಒಂದು ಕಾಯಿಲೆಯಾಗಿಯೂ ಅದು ಇರಬಲ್ಲದು ಎಂದು ಒಪ್ಪಿದಂತಾಯಿತು. ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಬೇಸರವಾಗುತ್ತದೆ. ಜಗತ್ತಿನಲ್ಲಿ ಸೊಂಟನೋವೊಂದರಿಂದಲೇ 2020ರಲ್ಲಿ 61.9 ಕೋಟಿ ಜನ ಬಳಲುತ್ತಿದ್ದರೆಂಬ ಅಂದಾಜಿದೆ.

ಈಗ ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ.

2006ರಲ್ಲಿ ಚಿಕೂನ್‌ಗುನ್ಯ ಕರ್ನಾಟಕವನ್ನು ಹಿಡಿದು ಅಲ್ಲಾಡಿಸಿತು. ಆ ಒಂದೇ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.6 ಲಕ್ಷ ನಮ್ಮ ರಾಜ್ಯದವು. ಚಿತ್ರದುರ್ಗ ಜಿಲ್ಲೆಯ ನಮ್ಮೂರಿನಲ್ಲಿ ಜ್ವರ ಬಾರದ ಮನೆಯೇ ಇರಲಿಲ್ಲ. ಆ ಹೆಸರು ಪೂರ್ವ ಆಫ್ರಿಕದ ಮಕೊಂಡೆ ಭಾಷೆಯದು, ಮೈ ಬಗ್ಗಿಸಿಬಿಡುವಂಥದ್ದು ಎಂಬ ಅರ್ಥದ್ದು. ಊರಿನ ಬೀದಿಯಲ್ಲಿ ಆ ಅರ್ಥ ಕಣ್ಣಿಗೇ ಕಾಣುತ್ತಿತ್ತು, ಮೂವತ್ತರ ಹರೆಯದವರೂ ಗೋಡೆ ಹಿಡಿದು ಎಪ್ಪತ್ತರವರಂತೆ ನಡೆಯುತ್ತಿದ್ದರು. ದೊಡ್ಡಮ್ಮನಿಗೆ ಜ್ವರ ಐದು ದಿನಕ್ಕೆ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಬೆಳಗ್ಗೆ ಚೊಂಬು ಎತ್ತಲಾಗದೆ ಎರಡೂ ಅಂಗೈ ನಡುವೆ ಹಿಡಿದು ನೀರು ಕುಡಿಯುತ್ತಿದ್ದಳು. ಊರಿನ ಬಹುಪಾಲು ಜನ ತಿಂಗಳೊಪ್ಪತ್ತಿನಲ್ಲಿ, ಆರು ತಿಂಗಳಿನಲ್ಲಿ ಸುಧಾರಿಸಿಕೊಂಡರು. ಈ ಜ್ವರದ ನಂತರ ಕೆಲವರಿಗೆ ಕೀಲಿನ ಉರಿಯೂತ ನಿಜಕ್ಕೂ ವರ್ಷಗಟ್ಟಲೆ ಉಳಿಯುತ್ತದೆ, ಅವರಿಗೆ ಅದಕ್ಕೆಂದೇ ಬೇರೆ ಔಷಧ ಬೇಕು. ದೊಡ್ಡಮ್ಮನಿಗೆ ಎರಡನೇ ವರ್ಷಕ್ಕೆ ಊತ ಇರಲಿಲ್ಲ, ರಕ್ತಪರೀಕ್ಷೆಯಲ್ಲಿ ಉರಿಯೂತದ ಗುರುತೂ ಇರಲಿಲ್ಲ. ನೋವು ಮಾತ್ರ ಮಣಿಕಟ್ಟಿನಿಂದ ಭುಜಕ್ಕೆ, ಭುಜದಿಂದ ಕುತ್ತಿಗೆಗೆ, ಅಲ್ಲಿಂದ ಸೊಂಟಕ್ಕೆ ಊರು ಸುತ್ತುತ್ತಿತ್ತು.

"ಎಲ್ಲಿ ನೋವು ಅಂತ ಕೇಳ್ತಾರೆ ಕಣಪ್ಪ. ಎಲ್ಲಿ ಇಲ್ಲ ಅಂತ ಕೇಳಿದ್ರೆ ಹೇಳಬೋದಿತ್ತು," ಎಂದು ಒಮ್ಮೆ ನನಗೆ ಹೇಳಿದ್ದಳು.

ಮೊದಲ ವೈದ್ಯರು ಏನೂ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದರು. ಮನೆಯಲ್ಲೂ ಅದೇ ಮಾತು ಬೇರೆ ಬೇರೆ ರೂಪದಲ್ಲಿ ಓಡಾಡಿತು. ಮದುವೆಗೆ ಹೋಗಲು ಬರುತ್ತದೆ, ಕೊಟ್ಟಿಗೆ ಗುಡಿಸಲು ಬರುವುದಿಲ್ಲವೇ ಎಂದವರಿದ್ದಾರೆ. ಎಲ್ಲರಿಗೂ ಕಾಣುವ ಪ್ಲಾಸ್ಟರ್ ಇಲ್ಲದವರ ನೋವು ಸಾಕ್ಷಿ ಕೇಳುತ್ತದೆ. ದೀರ್ಘಕಾಲದ ನೋವು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಎಂದು ದೇಶದೇಶಗಳ ಸಮೀಕ್ಷೆಗಳು ಹೇಳುತ್ತಲೇ ಬಂದಿವೆ. ನಂಬಿಸಬೇಕಾದ ಹೊರೆಯೂ ಅವರ ತಲೆಯ ಮೇಲೇ ಹೆಚ್ಚು ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಗೆ ಜಿಲ್ಲಾ ಕೇಂದ್ರದಲ್ಲಿ ಎಂಆರ್‌ಐ ಮಾಡಿಸಿದರು. ಸೊಂಟದ ಕೆಳಭಾಗದಲ್ಲಿ ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಎರಡು ಡಿಸ್ಕ್ ಸವೆದಿವೆ, ಒಂದು ಉಬ್ಬಿದೆ ಎಂದು ಬಂತು. ದೊಡ್ಡಮ್ಮನಿಗೆ ಅಳುವಷ್ಟು ಸಮಾಧಾನವಾಯಿತು. ಕಡೆಗೂ ಸಾಕ್ಷಿ ಸಿಕ್ಕಿತ್ತು. ಬೆನ್ನೆಲುಬು ಸವೆದುಹೋಗಿದೆ, ಬಗ್ಗಬೇಡಿ, ನೆಲದ ಮೇಲೆ ಕೂರಬೇಡಿ, ಬಿಂದಿಗೆ ಎತ್ತಬೇಡಿ ಎಂದು ಆ ವೈದ್ಯರು ಹೇಳಿದರು. ಆ ದೊಡ್ಡ ಕವರನ್ನು ಅವಳು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಬಂದವರಿಗೆಲ್ಲ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಲ್ಲಿ ನೋಡಿ, ಇಲ್ಲಿ ಕರ್ರಗಾಗಿದೆ ಎಂದು ತೋರಿಸುತ್ತಿದ್ದಳು.

ಆ ಕಪ್ಪು ಕಲೆಯ ಬಗ್ಗೆ ಆಗ ನಮಗೆ ಯಾರಾದರೂ ಒಂದು ಮಾತು ಹೇಳಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. 1994ರಲ್ಲೇ ಅಮೆರಿಕದಲ್ಲಿ ಸೊಂಟನೋವಿನ ತೊಂದರೆ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರು. ಅವರಲ್ಲಿ 52 ಶೇಕಡಾ ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ, ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಲೆಕ್ಕ ಹಾಕಿದಾಗ ಇಪ್ಪತ್ತರ ವಯಸ್ಸಿನವರಲ್ಲೇ 37 ಶೇಕಡಾ ಮಂದಿಗೆ ಡಿಸ್ಕ್ ಸವೆತವಿತ್ತು, ಎಂಬತ್ತರವರಲ್ಲಿ 96 ಶೇಕಡಾ. ಕೂದಲು ನೆರೆತಂತೆ, ಚರ್ಮ ಸುಕ್ಕಾದಂತೆ ಡಿಸ್ಕೂ ವಯಸ್ಸಾಗುತ್ತದೆ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ನೋವಿಲ್ಲ ಎಂದರ್ಥವಲ್ಲ, ಏನೋ ಕಂಡಿತೆಂದ ಮಾತ್ರಕ್ಕೆ ಅದೇ ನೋವಿನ ಮೂಲ ಎಂದೂ ಅರ್ಥವಲ್ಲ. ದೊಡ್ಡಮ್ಮನಿಗೆ ಮೊದಲ ತಪ್ಪೂ ಆಯಿತು, ಎರಡನೆಯದೂ ಆಯಿತು. ಎರಡನೆಯದರಿಂದ ಆದ ಹಾನಿಯೇ ದೊಡ್ಡದು ಎಂದು ನನ್ನ ಅನಿಸಿಕೆ.

ಯಾಕೆಂದರೆ ಬೆನ್ನುಹುರಿಯ ಮೇಲೆ ಮಿದುಳಿದೆ. ಮಿದುಳಿನ ಬುಡದಿಂದ ಬೆನ್ನುಹುರಿಗೆ ಇಳಿದು ಬರುವ ನರಮಾರ್ಗಗಳಿವೆ, ಅವು ನೋವಿನ ಸದ್ದನ್ನು ತಗ್ಗಿಸಲೂ ಬಲ್ಲವು, ಏರಿಸಲೂ ಬಲ್ಲವು. ದೇಹ ತಾನೇ ತಯಾರಿಸುವ ಅಫೀಮಿನಂಥ ವಸ್ತುಗಳು ಈ ದಾರಿಯಲ್ಲಿ ಕೆಲಸ ಮಾಡುತ್ತವೆ. ಎರಡನೇ ಮಹಾಯುದ್ಧದಲ್ಲಿ ತೀವ್ರ ಗಾಯಗೊಂಡು ಬಂದ ಸೈನಿಕರನ್ನು ಹೆನ್ರಿ ಬೀಚರ್ ಎಂಬ ವೈದ್ಯರು ಕೇಳುತ್ತ ಹೋದಾಗ ನೋವಿಗೆ ಔಷಧ ಬೇಕೆಂದವರು ನಾಲ್ವರಲ್ಲಿ ಒಬ್ಬರಷ್ಟೇ. 1946ರಲ್ಲಿ ಅವರು ಇದನ್ನು ಪ್ರಕಟಿಸಿದರು. ರಣರಂಗದಿಂದ ಜೀವಸಹಿತ ಹೊರಬಂದೆ ಎಂಬ ಅರಿವು ಆ ಸೈನಿಕರ ಪಾಲಿಗೆ ಗಾಯದ ಅರ್ಥವನ್ನೇ ಬದಲಿಸಿತ್ತು ಎಂದು ಅವರ ವಿವರಣೆ. ಅಪಾಯ ಮುಗಿಯಿತು ಎಂದು ಮಿದುಳಿಗೆ ಅನಿಸಿದರೆ ಸದ್ದು ತಗ್ಗುತ್ತದೆ. ಅಪಾಯ ಇನ್ನೂ ಇದೆ, ಬೆನ್ನೆಲುಬು ಈಗಲೋ ಆಗಲೋ ಮುರಿಯುತ್ತದೆ ಎಂದು ಅನಿಸಿದರೆ?

ದೊಡ್ಡಮ್ಮ ಬಗ್ಗುವುದನ್ನು ಬಿಟ್ಟಳು. ನೆಲದ ಮೇಲೆ ಕೂರುವುದನ್ನು ಬಿಟ್ಟಳು, ರಂಗೋಲಿ ಬಿಟ್ಟಳು, ಭಜನೆಗೆ ಹೋಗುವುದನ್ನು ಬಿಟ್ಟಳು. ಬೆನ್ನಿನ ಸ್ನಾಯುಗಳು ಸೊರಗಿದವು. ಹಗಲೆಲ್ಲ ಮಲಗಿ ರಾತ್ರಿ ನಿದ್ದೆ ಹೋಯಿತು. ನಿದ್ದೆ ಕೆಟ್ಟರೆ ನೋವು ತಡೆಯುವ ಶಕ್ತಿ ಮಾರನೇ ದಿನವೇ ಕುಗ್ಗುತ್ತದೆ, ನೋವು ಹೆಚ್ಚಿದರೆ ನಿದ್ದೆ ಮತ್ತೆ ಕೆಡುತ್ತದೆ. ಮಗ ಬೈಕಿನಲ್ಲಿ ಕೂರಿಸಿಕೊಂಡು ಹೋಗುವಾಗ ಹಂಪ್ ಬರುವ ಮೊದಲೇ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. ನೋವು ಬರುವ ಮೊದಲೇ ದೇಹ ಅದಕ್ಕೆ ಸಿದ್ಧವಾಗಿ ಬಿಗಿದುಕೊಳ್ಳುತ್ತಿತ್ತು. ಇದನ್ನೆಲ್ಲ ಅವಳು ಕಲ್ಪಿಸಿಕೊಂಡಳು ಎಂದು ನಾನು ಹೇಳುತ್ತಿಲ್ಲ. ನರಮಂಡಲದಲ್ಲಿ ಆಗುವ ಈ ಬದಲಾವಣೆ ಮೂಳೆ ಮುರಿದಷ್ಟೇ ದೈಹಿಕವಾದದ್ದು. ಹೊಸದಾಗಿ ಸೊಂಟನೋವು ಬಂದವರನ್ನು ಒಂದು ವರ್ಷ ಹಿಂಬಾಲಿಸಿ, ಮಿದುಳಿನ ಸ್ಕ್ಯಾನ್ ಮಾಡುತ್ತ ಹೋದ ವಾನಿಯಾ ಅಪ್ಕಾರಿಯನ್ ಅವರ ತಂಡ 2012ರಲ್ಲಿ ತೋರಿಸಿದ್ದೂ ಇದನ್ನೇ: ಯಾರ ನೋವು ಉಳಿಯುತ್ತದೆ, ಯಾರದ್ದು ಹೋಗುತ್ತದೆ ಎಂಬುದರ ಸುಳಿವು ಮಿದುಳಿನಲ್ಲಿ ಭಾವನೆ ಮತ್ತು ಪ್ರೇರಣೆಗೆ ಸಂಬಂಧಿಸಿದ ಎರಡು ಭಾಗಗಳ ನಡುವಿನ ನಂಟಿನಲ್ಲಿ ಮೊದಲೇ ಇತ್ತು.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಊರುಗಳಲ್ಲಿ ನಡೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೆಡಿಕಲ್ ಶಾಪಿನಿಂದ ನೇರವಾಗಿ ಮಾತ್ರೆ, ವಾರಕ್ಕೊಂದು ಸೂಜಿ, ಸೊಂಟಕ್ಕೆ ಬೆಲ್ಟ್, ಭಾರ ಕಟ್ಟಿ ಬೆನ್ನು ಎಳೆಯುವ ಟ್ರ್ಯಾಕ್ಷನ್ ಹತ್ತು ದಿನ. ದೀರ್ಘಕಾಲದ ಸೊಂಟನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿ ಬೆಲ್ಟೂ ಬೇಡ, ಟ್ರ್ಯಾಕ್ಷನ್ನೂ ಬೇಡ, ಅಫೀಮು ಮೂಲದ ಔಷಧಗಳೂ ಬೇಡ ಎನ್ನುತ್ತದೆ. ನೋವಿನ ಬಗ್ಗೆ ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಸಂಬಂಧಿಸಿದ ಕೆಲವು ಚಿಕಿತ್ಸೆಗಳು ಅದರ ಶಿಫಾರಸಿನಲ್ಲಿವೆ. ಡೈಕ್ಲೋಫಿನಾಕ್ ಬಗೆಯ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯ ಹುಣ್ಣಿನ ಜೊತೆಗೆ ಮೂತ್ರಪಿಂಡಕ್ಕೂ ಪೆಟ್ಟು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳು ಬೆರಳೆಣಿಕೆಗೆ ಇಳಿದ ಕಥೆ ಅನೇಕರಿಗೆ ಗೊತ್ತು. ದೇಶದೆಲ್ಲೆಡೆ ರಣಹದ್ದುಗಳನ್ನು ಕೊಂದದ್ದು ದನಗಳಿಗೆ ಕೊಟ್ಟ ಇದೇ ಡೈಕ್ಲೋಫಿನಾಕ್, ಸತ್ತ ದನ ತಿಂದ ಹಕ್ಕಿಗಳ ಮೂತ್ರಪಿಂಡ ಕೆಟ್ಟು. 2006ರಲ್ಲಿ ಪಶುಬಳಕೆಗೆ ಅದು ನಿಷೇಧವಾಯಿತು. ಮನುಷ್ಯರ ಮೂತ್ರಪಿಂಡ ಅಷ್ಟು ಸೂಕ್ಷ್ಮವಲ್ಲ, ನಿಜ. ಆದರೂ ವಯಸ್ಸಾದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ದಿನಾ ಇದನ್ನು ತಾವಾಗಿಯೇ ತೆಗೆದುಕೊಳ್ಳುವುದು ನೋಡಿದರೆ ಭಯವಾಗುತ್ತದೆ.

ಅಫೀಮಿನಿಂದಲೇ ತಯಾರಾಗುವ ಮಾರ್ಫಿನ್ ವಿಷಯ ಬೇರೆ. ಕ್ಯಾನ್ಸರ್ ನೋವಿಗೆ, ಕೊನೆಯ ದಿನಗಳ ನೋವಿಗೆ ಅದಕ್ಕಿಂತ ದೊಡ್ಡ ಔಷಧವಿಲ್ಲ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಅದು ದಶಕಗಳ ಕಾಲ ಬೇಕಾದವರಿಗೇ ಸಿಗಲಿಲ್ಲ, 2014ರ ತಿದ್ದುಪಡಿಯ ನಂತರ ಕಾನೂನಿನ ತೊಡಕು ಒಂದಿಷ್ಟು ಸಡಿಲವಾಯಿತು. ಅದರ ಜಾಗ ಅದು. ಹಳೆಯ ಸೊಂಟನೋವಿಗೆ ಅಂಥ ಅಫೀಮು ಬಗೆಯ ಔಷಧಗಳನ್ನು ಧಾರಾಳವಾಗಿ ಬರೆದುಕೊಟ್ಟು ಅಮೆರಿಕ ಅನುಭವಿಸಿದ ಚಟ ಮತ್ತು ಸಾವುಗಳ ಅನಾಹುತ ಜಗತ್ತಿಗೇ ಗೊತ್ತಿದೆ.

ಹಾಗಾದರೆ ಕೆಲಸ ಮಾಡುವುದು ಯಾವುದು? ನರಗಳ ಸದ್ದು ತಗ್ಗಿಸುವ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ನರಕ್ಕೇ ಪೆಟ್ಟಾದ ನೋವಿಗೆ ಪ್ರಿಗಾಬಲಿನ್ ಕೆಲವರಿಗೆ ನೆರವಾಗುತ್ತವೆ. ಇವುಗಳಲ್ಲಿ ಮೊದಲೆರಡು ಖಿನ್ನತೆಗೂ ಬಳಸುವ ಮಾತ್ರೆಗಳಾದ್ದರಿಂದ, ನನಗೇನು ಹುಚ್ಚೇ ಎಂದು ಎಷ್ಟೋ ಜನ ಅರ್ಧಕ್ಕೆ ಬಿಡುತ್ತಾರೆ. ನೋವಿನ ಸದ್ದು ತಗ್ಗಿಸುವ ಇಳಿಹಾದಿಯಲ್ಲೂ ಅದೇ ರಾಸಾಯನಿಕಗಳು ಓಡಾಡುತ್ತವೆ ಎಂದು ಬರೆದುಕೊಡುವವರು ಒಂದು ನಿಮಿಷ ಹೇಳಿದರೆ ಸಾಕು. ಅಮೆರಿಕದಲ್ಲಿ ದೀರ್ಘಕಾಲದ ಸೊಂಟನೋವಿನ 151 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಿಮ್ಮ ಬೆನ್ನು ಹಾಳಾಗಿಲ್ಲ, ಮಿದುಳು ಸುಳ್ಳು ಎಚ್ಚರಿಕೆ ಕೊಡುತ್ತಿದೆ ಎಂಬುದನ್ನು ನಾಲ್ಕು ವಾರ ಮಾತಿನಿಂದ, ಅಭ್ಯಾಸದಿಂದ ಮನದಟ್ಟು ಮಾಡಿಸಿದರು. ಆ ಗುಂಪಿನಲ್ಲಿ 66 ಶೇಕಡಾ ಜನ ನೋವಿಲ್ಲದ ಅಥವಾ ಇಲ್ಲವೆನ್ನುವಷ್ಟು ಕಡಿಮೆ ಇರುವ ಸ್ಥಿತಿಗೆ ಬಂದರು. ಬೆನ್ನಿಗೆ ಹುಸಿ ಚುಚ್ಚುಮದ್ದು ಪಡೆದವರಲ್ಲಿ 20 ಶೇಕಡಾ, ಎಂದಿನ ಚಿಕಿತ್ಸೆ ಮುಂದುವರಿಸಿದವರಲ್ಲಿ 10 ಶೇಕಡಾ. ಒಂದು ಪ್ರಯೋಗದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಬರೀ ಅರ್ಥ ಬದಲಾಗಿದ್ದಕ್ಕೆ ಇಷ್ಟು ನೋವು ಇಳಿಯಿತಲ್ಲ ಎಂಬುದು ಮಾತ್ರ ನನ್ನನ್ನು ಬಿಟ್ಟು ಹೋಗುವುದಿಲ್ಲ.

ನಡಿಗೆಯೂ ಔಷಧವೇ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರಲ್ಲಿ ಅರ್ಧದಷ್ಟು ಮಂದಿಗೆ ಫಿಸಿಯೋಥೆರಪಿಸ್ಟ್ ನೆರವಿನೊಂದಿಗೆ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸುವ ಕಾರ್ಯಕ್ರಮ ಕೊಟ್ಟರು. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ನೋವು ಮರುಕಳಿಸಲು ಅವರಲ್ಲಿ ಹಿಡಿದ ಮಧ್ಯಮ ಅವಧಿ 208 ದಿನ, ಉಳಿದವರಲ್ಲಿ 112 ದಿನ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದು ಪೆಟ್ಟಾಗಿದ್ದು, ರಾತ್ರಿ ಮಲಗಿದರೂ ಬಿಡದೆ ದಿನೇದಿನೇ ಏರುವುದು ಇದ್ದರೆ ಪರೀಕ್ಷೆ ಬೇಕೇ ಬೇಕು. ಕಾಲಿನ ಶಕ್ತಿ ಕುಂದುತ್ತ ಹೋದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸ್ಕ್ಯಾನ್ ಜೀವ ಉಳಿಸುತ್ತದೆ, ಕಾಲು ಉಳಿಸುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದು ಅಂಥವೆಲ್ಲ ಇಲ್ಲವೆಂದು ಖಚಿತವಾದ ಮೇಲೆ ಉಳಿದ ನೋವಿನ ಬಗ್ಗೆ.

ದೊಡ್ಡಮ್ಮನಿಗೆ ದಾರಿ ತೋರಿಸಿದ್ದು ನಮ್ಮ ತಾಲ್ಲೂಕಿಗೆ ಬರುತ್ತಿದ್ದ ಒಬ್ಬಳು ಫಿಸಿಯೋಥೆರಪಿಸ್ಟ್ ಹುಡುಗಿ. ಮೊದಲ ದಿನ ಅವಳು ಫಿಲ್ಮ್ ನೋಡಲಿಲ್ಲ. "ಅಜ್ಜಿ, ನೋವು ಬರೋ ಮುಂಚೆ ದಿನಾ ಇಷ್ಟಪಟ್ಟು ಏನ್ ಮಾಡ್ತಿದ್ರಿ?" ಎಂದು ಕೇಳಿದಳು. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ರಂಗೋಲಿ ಎಂದಳು. ಹುಡುಗಿ ಬಗ್ಗಿ ಎಂದು ಹೇಳಲಿಲ್ಲ. ಮೊದಲ ವಾರ ಸ್ಟೂಲಿನ ಮೇಲೆ ಕೂತು ಮಣೆಯ ಮೇಲೆ ಬರೀ ಚುಕ್ಕಿ ಇಡಿಸಿದಳು, ಮೂರೇ ಮೂರು. ನೋವಾದರೂ ಮೂರು, ಆಗದಿದ್ದರೂ ಮೂರು, ಚೆನ್ನಾಗಿದ್ದ ದಿನ ಹುರುಪಿನಲ್ಲಿ ಹತ್ತು ಇಡುವಂತಿಲ್ಲ. ಮುಂದಿನ ವಾರ ಐದು. ನೋವು ಹೆಚ್ಚಾದಾಗ, "ಇದು ಮುರಿಯೋ ನೋವಲ್ಲ ಅಜ್ಜಿ, ಬಹಳ ದಿನ ಆದ್ಮೇಲೆ ಎದ್ದು ಬಂದ ನೋವು," ಎನ್ನುತ್ತಿದ್ದಳು. ಮಣೆ ಕೆಳಗಿಳಿಯುತ್ತ ನೆಲಕ್ಕೆ ಬರಲು ಏಳು ತಿಂಗಳು ಹಿಡಿಯಿತು. ಸಂಜೆ ಹೊತ್ತು ಕೆರೆ ಏರಿಯ ತನಕ ನಡಿಗೆ. ನಡುವೆ ಎರಡು ಸಲ ಪೂರ್ತಿ ಕೈಬಿಟ್ಟು ಮಲಗಿದ್ದೂ ಇದೆ.

ನೋವು ಹೋಗಿಲ್ಲ. ಹತ್ತಕ್ಕೆ ಎಂಟಿದ್ದದ್ದು ಈಗ ಮೂರೋ ನಾಲ್ಕೋ ಎನ್ನುತ್ತಾಳೆ, ಮಳೆಗಾಲದ ಮೋಡದ ದಿನಗಳಲ್ಲಿ ಆರು. ಕಳೆದ ಸಂಕ್ರಾಂತಿಗೆ ಹೋದಾಗ ಬಾಗಿಲ ಮುಂದೆ ಏಳು ಚುಕ್ಕಿಯ ರಂಗೋಲಿ ಇತ್ತು. ನಡುವಿನ ಒಂದು ಎಳೆ ಸ್ವಲ್ಪ ವಾಲಿತ್ತು. "ಅಲ್ಲಿ ಸೊಂಟ ಹಿಡ್ಕೊಂತು, ಎದ್ದು ಎರಡು ಸುತ್ತು ಓಡಾಡಿ ಬಂದು ಮುಗಿಸ್ದೆ," ಎಂದಳು. ಬಾಗಿಲ ಹಿಂದಿನ ಮೊಳೆ ನೋಡಿದೆ. ಸಂತೆಗೆ ಒಯ್ಯುವ ಬಟ್ಟೆಯ ಚೀಲ ನೇತಾಡುತ್ತಿತ್ತು.